ಶೃಂಗಾರವುಂಟು, ತಿಳಿವಳಿಕೆಯಿಲ್ಲ

ಕನ್ನಡ ಸಾಹಿತ್ಯದಲ್ಲಿ ಶೃಂಗಾರಕ್ಕೆ ಎಂದೂ ಬರಗಾಲ ಬಂದುದಿಲ್ಲ. ಮಹಾಕಾವ್ಯವೆನಿಸಬೇಕಾದರೆ ಹದಿನೆಂಟು ಬಗೆಯ ವರ್ಣನೆಗಳು ಇರಲೇಬೇಕೆಂದು ಲಾಕ್ಷಣಿಕರು ವಿಧಿಸಿದರು. ನಮ್ಮ ಕವಿಗಳು ಆ ವಿಧಿಯನ್ನು ಸಂತೋಷದಿಂದಲೇ ಪಾಲಿಸಿದರು. ವನವಿಹಾರ, ಜಲಕ್ರೀಡೆ, ಚಂದ್ರೋದಯ, ವಿರಹ, ಸಮಾಗಮ ಒಂದೂ ಬಿಟ್ಟುಹೋಗಲಿಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಹದಿನೈದನೆಯ ಶತಮಾನದ ಕಲ್ಲರಸನು ‘ಜನವಶ್ಯ’ವನ್ನು ಬರೆದನು. ಇಷ್ಟು ಸಂಪತ್ತಿರುವ ಭಾಷೆಯನ್ನು ಓದಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ತಮ್ಮ ಮೈಯ ವಿಚಾರವಾಗಿ ಎಷ್ಟು ಗೊತ್ತಿದೆ ಎಂದು ಕೇಳಿಕೊಂಡರೆ ಉತ್ತರ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆ ನಾಚಿಕೆಯ ಕಾರಣವನ್ನು ಸಾಹಿತ್ಯದ ದಾರಿಯಿಂದಲೇ ಹುಡುಕಬಹುದೆಂದು ನಾವು ಭಾವಿಸಿದ್ದೇವೆ. ಏಕೆಂದರೆ ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಕನ್ನಡ ಕಲಿಸುವವರು ಅಥವಾ ಕನ್ನಡದಲ್ಲಿ ಕಲಿಯುವವರು.

ಹಳೆಯ ಕಾಮಶಾಸ್ತ್ರಗಳನ್ನು ಇಂದು ಯಾರಾದರೂ ಲೈಂಗಿಕ ಶಿಕ್ಷಣವೆಂದು ಹೊಗಳಿದರೆ ನಾವು ಒಪ್ಪಲಾರೆವು. ಅವು ಅರಮನೆಯ ರಸಿಕರಿಗಾಗಿ ಬರೆದವು. ಅಲ್ಲಿ ಹೆಣ್ಣು ಜಾತಿ, ಲಕ್ಷಣ, ವಯಸ್ಸುಗಳ ಪಟ್ಟಿಗೆ ಸೇರಿದ ವಸ್ತುವೇ ಹೊರತು ಕೇಳುಗಳಲ್ಲ. ಕೇಳುಗಳಾಗಿ ಹೆಣ್ಣನ್ನು ಕಂಡ ಕೃತಿ ಬೇಕೆಂದರೆ ಚಿಕ್ಕದೇವರಾಜ ಒಡೆಯರ ಕಾಲದ ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ಕ್ಕೆ ಬರಬೇಕು. ಹೆಣ್ಣು ಹುಟ್ಟಿತೆಂದು ಮೂಗು ಮುರಿಯುವವರನ್ನು ದಿಟ್ಟವಾಗಿ ಪ್ರಶ್ನಿಸಿದ ಕವಯಿತ್ರಿ ಆಕೆ. ಆದರೆ ಆಕೆ ಹೇಳಹೊರಟದ್ದು ಧರ್ಮವನ್ನು. ಹೆಂಡತಿ ಏನು ಮಾಡಬೇಕೆಂಬುದು ಅಲ್ಲಿ ಉಂಟು, ಹೆಂಡತಿಯಾಗುವವಳ ಮೈಯಲ್ಲಿ ಏನು ನಡೆಯುತ್ತದೆಂಬುದನ್ನು ಹೇಳುವುದು ಆಕೆಯ ಉದ್ದೇಶವೇ ಅಲ್ಲ. ಒಂದು ಕಡೆ ಭೋಗ, ಇನ್ನೊಂದು ಕಡೆ ಕರ್ತವ್ಯ. ಈ ಎರಡರ ನಡುವೆ ಇರಬೇಕಾಗಿದ್ದ ತಿಳಿವಳಿಕೆಯ ಜಾಗ ಬಹುಕಾಲ ಬರಿದಾಗಿಯೇ ಉಳಿಯಿತು. ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನೆಂಬುದು ನೆನಪಾದರೆ ನಗುವೂ ಬರುತ್ತದೆ, ವ್ಯಥೆಯೂ ಆಗುತ್ತದೆ. ಹಸುವಿನ ಮೈಯ ವಿಚಾರ ಹೇಳಲು ನಮಗೆ ಸಂಕೋಚವಿರಲಿಲ್ಲ.

ಹಳ್ಳಿಯ ಮಕ್ಕಳಿಗೆ ಇದನ್ನೆಲ್ಲ ಕಲಿಸಬೇಕಾಗಿಲ್ಲ, ದನಕರುಗಳ ನಡುವೆ ಬೆಳೆದವರು ತಾವೇ ತಿಳಿಯುತ್ತಾರೆ ಎಂಬ ಮಾತನ್ನು ನಮ್ಮ ಹಿರಿಯರು ಆಗಾಗ ಆಡುವುದುಂಟು. ಇದು ಅರ್ಧ ನಿಜ. ಹೋರಿಯನ್ನೂ ಹಸುವನ್ನೂ ಕಂಡ ಹುಡುಗನಿಗೆ ಗರ್ಭ ಹೇಗೆ ನಿಲ್ಲುತ್ತದೆಂಬುದು ಗೊತ್ತಾಗಬಹುದು. ಆದರೆ ಎದುರಿಗಿರುವವಳ ಒಪ್ಪಿಗೆ ಎಂಬುದೊಂದಿದೆ, ಅವಳ ‘ಬೇಡ’ಕ್ಕೆ ಬೆಲೆಯಿದೆ ಎಂಬುದನ್ನು ಹೋರಿ ಕಲಿಸಲಾರದು. ಬಸಿರು ಯಾವ ವಯಸ್ಸಿಗೆ ಮೈಗೆ ಭಾರವಾಗುತ್ತದೆ, ಯಾವ ರೋಗ ಹೇಗೆ ಅಂಟುತ್ತದೆ, ಮಕ್ಕಳು ಬೇಡವಾದಾಗ ಏನು ಮಾಡಬೇಕು ಎಂಬುದನ್ನೂ ಕೊಟ್ಟಿಗೆ ಹೇಳುವುದಿಲ್ಲ. ಸಮಗ್ರ ಲೈಂಗಿಕ ಶಿಕ್ಷಣವೆಂದು ಇಂದು ಹೇಳುವಾಗ ಈ ಎಲ್ಲವೂ ಅದರಲ್ಲಿ ಸೇರಿದೆ. ‘ಸಮಗ್ರ’ ಎಂಬ ವಿಶೇಷಣ ಬರಿಯ ಅಲಂಕಾರಕ್ಕಾಗಿ ಬಂದುದಲ್ಲ.

ನಮ್ಮ ಸೀಮೆಯ ಒಸಗೆಯನ್ನು ನೋಡೋಣ. ಹುಡುಗಿ ಮೈನೆರೆದಳೆಂದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ಬರುತ್ತವೆ. ಹಸೆಯ ಮೇಲೆ ಕೂರಿಸಿ ಮುತ್ತೈದೆಯರು ಸೋಬಾನೆ ಹೇಳಿ ಆರತಿ ಎತ್ತುತ್ತಾರೆ. ಊರಿಗೆಲ್ಲ ಸುದ್ದಿ ತಿಳಿಯುತ್ತದೆ. ತಿಳಿಯದೆ ಉಳಿಯುವವಳು ಹಸೆಯ ಮೇಲೆ ಕುಳಿತ ಹುಡುಗಿಯೊಬ್ಬಳೇ! ರಕ್ತ ಏಕೆ ಬಂದಿತು, ಪ್ರತಿ ತಿಂಗಳೂ ಬರುವುದೇ, ಇದು ರೋಗವಲ್ಲವೇ ಎಂದು ಅವಳು ಕೇಳಿದರೆ ಸಿಕ್ಕುವ ಉತ್ತರ, ಇನ್ನು ಮೇಲೆ ಗಂಡುಹುಡುಗರ ಜೊತೆ ಆಡಬೇಡ ಎಂಬ ಒಂದು ವಾಕ್ಯ. ಇದನ್ನು ಹೇಳುವಾಗ ನಾವು ಸಂಪ್ರದಾಯವನ್ನು ಹೀಗಳೆಯುತ್ತಿಲ್ಲ. ಮೈನೆರೆಯುವುದನ್ನು ಹಾಡಿನಿಂದ ಎದುರುಗೊಂಡ ಜನ ಅದನ್ನು ಕೊಳಕೆಂದು ಮಾತ್ರ ಬಗೆದವರಲ್ಲ. ಆ ಸೋಬಾನೆ ಹಾಡುಗಳಲ್ಲಿ ಹೆಣ್ಣಿನ ಮೈಯ ಬಗ್ಗೆ ಇರುವ ಅಕ್ಕರೆ ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಆದರೆ ಅಕ್ಕರೆಯ ಪಕ್ಕದಲ್ಲಿಯೇ ಭಯವೂ ಕುಳಿತಿದೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿಯೂ ಅವಕ್ಕೆ ಹೊಂದಿದ ಮಡಕಶಿರಾದ ಕಡೆಯಲ್ಲಿಯೂ ಕೆಲವು ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ರೂಢಿ ಪೂರ್ತಿ ಅಳಿದಿಲ್ಲ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ ಬಾಣಂತಿಯ ಕೂಸು ತೀರಿಹೋದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಮಳೆಗಾಲದ ಚಳಿಯಲ್ಲಿ ಗುಡಿಸಿಲಿನಲ್ಲಿ ಮಲಗಿದ ಎಳೆಗೂಸು ಅದು. ಮುಟ್ಟೆಂದರೆ ಏನೆಂಬುದು ಆ ಹಟ್ಟಿಯ ಗಂಡಸರಿಗೂ ಹೆಂಗಸರಿಗೂ ಶಾಲೆಯಲ್ಲಿ ಒಮ್ಮೆ ಸರಿಯಾಗಿ ತಿಳಿದಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು.

ಈಗ ಮಾತಿನ ವಿಚಾರ. ಕನ್ನಡದ ಉಪಾಧ್ಯಾಯರು ಗಮನಿಸಲೇಬೇಕಾದ ಸಂಗತಿಯೊಂದು ಇಲ್ಲಿದೆ. ಮೈಗೆ ಸಂಬಂಧಿಸಿದಂತೆ ನಮ್ಮಲ್ಲಿ ಮೂರು ಕನ್ನಡಗಳಿವೆ. ಮನೆಯ ಕನ್ನಡ ಒಂದು: ಮುಟ್ಟು, ಹೊರಗಾಗುವುದು, ದೊಡ್ಡವಳಾಗುವುದು, ಬಸಿರು, ಬಯಕೆ, ಹೆರಿಗೆ, ಬಾಣಂತನ. ಎಷ್ಟು ಸೊಗಸಾದ, ಎಷ್ಟು ಮರ್ಯಾದೆಯ ಮಾತುಗಳು! ಆದರೆ ಇವು ಹೆಂಗಸರ ಬಾಯಲ್ಲಿ, ಅದೂ ದನಿ ತಗ್ಗಿಸಿ, ಅಡಿಗೆಮನೆಯಲ್ಲಿ ಮಾತ್ರ ಸುಳಿಯುತ್ತವೆ. ಎರಡನೆಯದು ಪುಸ್ತಕದ ಕನ್ನಡ: ಋತುಸ್ರಾವ, ಗರ್ಭಾಶಯ, ಅಂಡಾಶಯ, ವೃಷಣ, ನಿಷೇಚನ. ಶುದ್ಧವಾದ ಮಾತುಗಳೇ, ಸಂದೇಹವಿಲ್ಲ. ಆದರೆ ಹತ್ತನೆಯ ತರಗತಿಯ ಹುಡುಗ ಅವನ್ನು ಕಂಠಪಾಠ ಮಾಡಿ ಅಂಕ ಪಡೆದಮೇಲೂ ಅವು ತನ್ನ ಮೈಯ ಹೆಸರುಗಳೆಂದು ಅವನಿಗೆ ಅನ್ನಿಸುವುದಿಲ್ಲ, ಕಪ್ಪೆಯ ಮೈಯ ಹೆಸರುಗಳೆಂದೇ ಅನ್ನಿಸುತ್ತದೆ. ಮೂರನೆಯದು ಬೀದಿಯ ಕನ್ನಡ. ಅದನ್ನು ಇಲ್ಲಿ ಬರೆಯುವಂತಿಲ್ಲ, ಬರೆಯದಿದ್ದರೂ ಎಲ್ಲರಿಗೂ ಗೊತ್ತು. ಗಂಡುಹುಡುಗನೊಬ್ಬನು ಹೆಣ್ಣಿನ ಮೈಯ ಭಾಗಗಳ ಹೆಸರನ್ನು ಮೊದಲು ಕೇಳುವುದು ಬೈಗುಳದಲ್ಲಿ. ಅದೂ ತಾಯಿಯನ್ನೋ ಅಕ್ಕನನ್ನೋ ಸೇರಿಸಿದ ಬೈಗುಳದಲ್ಲಿ. ಒಂದು ವಸ್ತುವಿನ ಹೆಸರನ್ನು ಹೇಸಿಗೆಯ ಮೂಲಕ ಕಲಿತವನು ಆ ವಸ್ತುವನ್ನು ಗೌರವಿಸಬೇಕೆಂದು ನಾವು ಹೇಗೆ ನಿರೀಕ್ಷಿಸುವುದು?

ಇದು ಬರಿಯ ಭಾಷಾವಿಲಾಸದ ಪ್ರಶ್ನೆಯಲ್ಲ. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯಿದೆ ಬಂದಿತು. ಆ ಕಾಯಿದೆಯಂತೆ ದೂರು ಬಂದರೆ ಮಗು ತನಗೆ ಏನಾಯಿತೆಂಬುದನ್ನು ಹೇಳಬೇಕಾಗುತ್ತದೆ. ಮನೆಯ ಮಾತನ್ನು ಆಡಲು ಅದಕ್ಕೆ ನಾಚಿಕೆ, ಪುಸ್ತಕದ ಮಾತು ಅದಕ್ಕೆ ಬಾರದು, ಬೀದಿಯ ಮಾತನ್ನು ಆಡಿದರೆ ಪೆಟ್ಟು ಬೀಳುತ್ತದೆಂದು ಅದು ಬಲ್ಲುದು. ಎಂಟು ವರ್ಷದ ಮಗು ಆಗ ಯಾವ ಕನ್ನಡದಲ್ಲಿ ಹೇಳಬೇಕು? ‘ಅವರು ನನಗೆ ಏನೋ ಮಾಡಿದರು’ ಎಂಬಲ್ಲಿಗೆ ಅದರ ಮಾತು ನಿಂತುಹೋಗುತ್ತದೆ. ಆ ‘ಏನೋ’ ಎಂಬ ಎರಡಕ್ಷರದ ಹಿಂದೆ ಅಡಗಿಕೊಳ್ಳುವವನು ಅಪರಾಧಿ. ಆತನಿಗೆ ಆ ಮರೆಯನ್ನು ಒದಗಿಸಿಕೊಟ್ಟವರು ನಾವು, ಮಾತು ಕಲಿಸದ ನಾವು.

ಸಾಹಿತ್ಯಕ್ಕೆ ಮರಳೋಣ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಜಾತಿಯ ಸಮಸ್ಯೆಯೆಂದೂ ಆಧುನಿಕತೆಯ ಸಮಸ್ಯೆಯೆಂದೂ ವಿಮರ್ಶಕರು ಬೇಕಾದಷ್ಟು ಚರ್ಚಿಸಿದ್ದಾರೆ. ನಾವು ಅದನ್ನು ಶಿಕ್ಷಣದ ಕಾದಂಬರಿಯೆಂದು ಓದಿ ನೋಡಿದ್ದೇವೆ. ಪ್ರಾಣೇಶಾಚಾರ್ಯರು ಕಾಶಿಗೆ ಹೋಗಿ ಓದಿಬಂದ ವೇದಾಂತಶಿರೋಮಣಿಗಳು. ರೋಗಿಷ್ಠೆಯಾದ ಭಾಗೀರಥಿಯನ್ನು ಕೈಹಿಡಿದು ಆಕೆಯ ಸೇವೆಯನ್ನೇ ತಪಸ್ಸೆಂದು ತಿಳಿದವರು. ಸಂಜೆ ಅಗ್ರಹಾರದವರನ್ನು ಕೂರಿಸಿಕೊಂಡು ಪುರಾಣ ಕಾವ್ಯಗಳನ್ನು ವಿವರಿಸುತ್ತಾರೆ, ಶಕುಂತಲೆಯ ಚೆಲುವನ್ನು ರಸಭರಿತವಾಗಿ ಬಣ್ಣಿಸುತ್ತಾರೆ. ಹಾಗೆ ಕೇಳಿ ಮೈ ಬಿಸಿಯೇರಿದ ತರುಣನೊಬ್ಬನು ಎದ್ದು ಹೊಳೆಯ ಕಡೆ ನಡೆದು ಅಲ್ಲಿ ಕಂಡ ಕೆಳಜಾತಿಯ ಹುಡುಗಿಯನ್ನು ಅಪ್ಪಿಕೊಂಡ ಕಥೆಯನ್ನು ಹೇಳಿ ನಾರಣಪ್ಪನು ಆಚಾರ್ಯರನ್ನು ಚುಚ್ಚುತ್ತಾನೆ. ಆಚಾರ್ಯರಿಗೆ ಉತ್ತರ ಹೊಳೆಯುವುದಿಲ್ಲ. ತಾವು ಹೇಳಿದ್ದು ಕಾವ್ಯ, ಹುಡುಗನು ಕೇಳಿದ್ದು ತನ್ನ ಮೈಯ ಸುದ್ದಿ ಎಂಬುದು ಅವರಿಗೆ ಹೊಳೆಯಬೇಕಾದರೆ ಕಾಡಿನ ಕತ್ತಲೆಯಲ್ಲಿ ಚಂದ್ರಿ ಎದುರಾಗಬೇಕಾಯಿತು.

ಎಷ್ಟು ನಿಷ್ಠುರವಾದ ಚಿತ್ರ! ಕನ್ನಡ ತರಗತಿಗಳಲ್ಲಿ ನಡೆಯುವುದೂ ಇದೇ ಅಲ್ಲವೆ? ಶೃಂಗಾರದ ಪದ್ಯ ಬಂದಾಗ ಉಪಾಧ್ಯಾಯರು ಒಂದೋ ಅಲಂಕಾರದ ಹೆಸರು ಹೇಳಿ ಮುಂದಕ್ಕೆ ಹೋಗುತ್ತಾರೆ, ಇಲ್ಲವೇ ರಸ ಹೊರಳಿಸಿ ವರ್ಣಿಸುತ್ತಾರೆ. ಹಿಂದಿನ ಬೆಂಚಿನಲ್ಲಿ ಪಿಸುಪಿಸು ನಗೆ ಏಳುತ್ತದೆ. ಆ ನಗೆಯನ್ನು ಗದರಿಸಿ ಅಡಗಿಸುವುದಕ್ಕೆ ಬದಲು ಅದೊಂದು ಪ್ರಶ್ನೆಯೆಂದು ತಿಳಿದ ಉಪಾಧ್ಯಾಯರು ವಿರಳ. ‘ಸಂಸ್ಕಾರ’ದಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಅಗ್ರಹಾರದಲ್ಲಿ ಇಲಿಗಳು ಒಂದೊಂದಾಗಿ ಬಿದ್ದು ಸಾಯುತ್ತವೆ, ಹದ್ದುಗಳು ಮನೆಯ ಮೇಲೆ ಬಂದು ಕೂರುತ್ತವೆ. ಹೆಣ ಸುಡದಿದ್ದುದರಿಂದ ಬಂದ ಅನಿಷ್ಟವೆಂದು ಬ್ರಾಹ್ಮಣರು ಬಗೆಯುತ್ತಾರೆ, ಪ್ಲೇಗಿನ ಹೆಸರು ಅವರ ಬಾಯಿಗೆ ಬರುವುದಿಲ್ಲ. ಕಾಮವನ್ನು ಅರಿಯದ ಊರು ರೋಗವನ್ನೂ ಅರಿಯದು. ಎರಡೂ ಒಂದೇ ಅಜ್ಞಾನದ ಎರಡು ಮುಖಗಳು. ಲೇಖಕರು ಇದನ್ನು ಎತ್ತಿ ಹೇಳುವುದಿಲ್ಲ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಸುಮ್ಮನಾಗುತ್ತಾರೆ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದಕ್ಕಿಂತ ಸರಳವಾದ ಕೃತಿ. ಕೆಲವರು ಅದನ್ನು ಜೀವನಚರಿತ್ರೆಯೆಂದೇ ಕರೆದಾರು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡವಳು, ಸಂಸಾರವೆಂದರೆ ಏನೆಂದು ತಿಳಿಯುವ ಮೊದಲೇ ಅದರಿಂದ ಹೊರಬಿದ್ದವಳು ಫಣಿಯಮ್ಮ. ಆದರೆ ಹೆರಿಗೆಯ ಸಂಕಟ ಕಂಡಾಗ ಜಾತಿಯನ್ನೂ ಮಡಿಯನ್ನೂ ಬದಿಗಿಟ್ಟು ಕೈಚಾಚುವವಳು ಅವಳೇ. ವಿಧವೆ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ, ಮುಂದೆ ಬಸಿರಾದಾಗ, ಊರೆಲ್ಲ ಉಗಿಯುತ್ತಿರುವಾಗ ಅವಳ ಪರವಾಗಿ ನಿಲ್ಲುವವಳೂ ಈ ಮುದುಕಿಯೇ. ತಿಳಿವಳಿಕೆ ಇಲ್ಲದವರು ಕಠಿಣರಾಗುತ್ತಾರೆ, ತಿಳಿದವರು ಮೃದುವಾಗುತ್ತಾರೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು. ಲೈಂಗಿಕ ಶಿಕ್ಷಣದಿಂದ ಮಕ್ಕಳ ನೀತಿ ಕೆಡುತ್ತದೆಂದು ಹೇಳುವವರು ಈ ಪುಟಗಳನ್ನು ಒಮ್ಮೆ ಓದಬೇಕು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನೂ ಇಲ್ಲಿ ನೆನೆಯಬಹುದು. ಹೆರಿಗೆಯ ನಂತರ ಮನಸ್ಸು ಕೆಡುವುದು ಒಂದು ಕಾಯಿಲೆ, ವಾಸಿಯಾಗುವ ಕಾಯಿಲೆ. ಅಷ್ಟನ್ನು ಅರಿಯದ ಮನೆ ವಾಸಿಯಾಗಿ ಬಂದವಳನ್ನು ಮತ್ತೆ ಹುಚ್ಚಿಯಾಗಿಸುತ್ತದೆ.

ಸೃಜನಶೀಲ ಕೃತಿಗಳು ಹೀಗೆ ಸುತ್ತಿ ಬಳಸಿ ಹೇಳಿದುದನ್ನು ನೇರವಾಗಿ ಹೇಳುವ ಧೈರ್ಯ ಮಾಡಿದವರು ಡಾ. ಅನುಪಮಾ ನಿರಂಜನ (1934–1991). ತೀರ್ಥಹಳ್ಳಿಯಲ್ಲಿ ಹುಟ್ಟಿ ವೈದ್ಯರಾದ ಇವರು ಕಾದಂಬರಿಕಾರ್ತಿಯಾಗಿ ಹೆಸರಾದವರು. ಆದರೆ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಎಂಬ ಪುಸ್ತಕಗಳಿಂದ ಕನ್ನಡದ ಹೆಣ್ಣುಮಕ್ಕಳಿಗಾದ ಉಪಕಾರ ಕಾದಂಬರಿಗಳಿಂದಾದುದಕ್ಕಿಂತ ಕಡಿಮೆಯೇನಲ್ಲ. ವೈದ್ಯರ ಜ್ಞಾನಕ್ಕೆ ಕಥೆಗಾರ್ತಿಯ ಕನ್ನಡ ಸಿಕ್ಕಿತು. ಮೇಲೆ ಹೇಳಿದ ಮನೆಯ ಮಾತಿಗೂ ಪುಸ್ತಕದ ಮಾತಿಗೂ ಸೇತುವೆ ಕಟ್ಟುವ ಕೆಲಸ ಅದು. ವಿಮರ್ಶಕರು ಇವನ್ನು ಸಾಹಿತ್ಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ವಿಮರ್ಶೆಯ ಬಡತನ. ಪಕ್ಕದ ಮರಾಠಿಯಲ್ಲಿ ರ. ಧೋಂ. ಕರ್ವೆಯವರು 1927ರಿಂದ 1953ರ ವರೆಗೆ ‘ಸಮಾಜಸ್ವಾಸ್ಥ್ಯ’ ಮಾಸಪತ್ರಿಕೆಯನ್ನು ನಡೆಸಿ, ಅಶ್ಲೀಲವೆಂಬ ಆರೋಪಕ್ಕೆ ಕೋರ್ಟಿನ ಕಟಕಟೆ ಏರಿದರು. ಅವರ ಪರವಾಗಿ ವಾದಿಸಿದವರು ಅಂಬೇಡ್ಕರರು. ಅಂಥ ಹೋರಾಟದ ಹಿನ್ನೆಲೆಯಲ್ಲಿ ಅನುಪಮಾ ಅವರ ಕೆಲಸವನ್ನು ಅಳೆಯಬೇಕು.

ಹೊಗಳಿಕೆಯ ಜೊತೆಗೆ ಒಂದು ಆಕ್ಷೇಪಣೆಯನ್ನೂ ಹೇಳಬೇಕಾಗಿದೆ. ಅದು ಲೇಖಕಿಯ ಮೇಲಿನದಕ್ಕಿಂತ ನಮ್ಮ ಕಾಲದ ಮೇಲಿನದು. ಪುಸ್ತಕಗಳ ಹೆಸರನ್ನೇ ನೋಡಿರಿ. ವಧುವಿಗೆ ಕಿವಿಮಾತು. ಹೇಳುವುದು ಕಿವಿಯಲ್ಲಿ, ಹೇಳುವ ಹೊತ್ತು ಮದುವೆ, ಹೇಳಿಸಿಕೊಳ್ಳುವವಳು ಹೆಣ್ಣು. ವರನಿಗೆ ಕಿವಿಮಾತು ಯಾರು ಹೇಳಿದರು? ‘ಕೇಳು ಕಿಶೋರಿ’ಯಷ್ಟು ಹೆಸರಾದ ‘ಕೇಳು ಕಿಶೋರ’ ಕನ್ನಡದಲ್ಲಿ ಏಕೆ ಬರಲಿಲ್ಲ? ಕಾಪಾಡಿಕೊಳ್ಳುವ ಹೊಣೆ ಹೆಣ್ಣಿನದು, ತಿಳಿಯದಿರುವ ಹಕ್ಕು ಗಂಡಿನದು ಎಂಬ ಹಳೆಯ ಏರ್ಪಾಡು ಈ ಹೆಸರುಗಳಲ್ಲಿಯೂ ಇಣುಕುತ್ತದೆ. ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳನ್ನು ನೋಡಿದರೆ ಇದರ ಫಲ ಕಾಣುತ್ತದೆ. ಹದಿಮೂರನೆಯ ವಯಸ್ಸಿಗೆ ತಿಳಿಯಬೇಕಾದುದನ್ನು ಮದುವೆಯಾದ ಗಂಡಸರು ಹೆಸರು ಮರೆಸಿಕೊಂಡು ಕೇಳುತ್ತಿರುತ್ತಾರೆ.

ಸರಕಾರಗಳು ಏನು ಮಾಡಿದವು? ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಮಾಡಿತು. ಸರಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಲೋಕದಲ್ಲಿಯೇ ಮೊದಲೆಂದು ಹೇಳುವುದುಂಟು. ಅದೇ ನಾಡು 2007ರಲ್ಲಿ ಹದಿಹರೆಯದ ಶಿಕ್ಷಣದ ಯೋಜನೆ ಕೇಂದ್ರದಿಂದ ಬಂದಾಗ, ಇನ್ನೂ ಹಲವು ರಾಜ್ಯಗಳ ಜೊತೆ ಸೇರಿ, ಬೇಡವೆಂದಿತು. ನಮ್ಮ ಸಂಸ್ಕೃತಿಗೆ ಒಗ್ಗದು ಎಂಬುದು ಅಂದು ಕೇಳಿಬಂದ ಕಾರಣ. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಇದು ಕೂಡದೆಂದಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ತೀರ್ಪೊಂದರಲ್ಲಿ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಎತ್ತಿ ಹೇಳಿತು. ಹೇಳಿದರೆ ಮಕ್ಕಳು ಕೆಡುತ್ತಾರೆಂಬ ಭಯಕ್ಕೆ ಆಧಾರವಿಲ್ಲವೆಂಬುದನ್ನು ಯುನೆಸ್ಕೊ ಸಂಸ್ಥೆ 2018ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗದರ್ಶಿಯಲ್ಲಿ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದೆ. ಅದಿರಲಿ. ಸಂಸ್ಕೃತಿಯ ಹೆಸರು ಹೇಳಿದವರು ಯಾವ ಸಂಸ್ಕೃತಿಯನ್ನು ಕುರಿತು ಹೇಳಿದರು? ಚಂದ್ರರಾಜನದೇ, ಸೋಬಾನೆಯ ಹಾಡಿನದೇ? ಎರಡೂ ಅಲ್ಲ. ಮಾತಾಡದಿರುವ ಅಭ್ಯಾಸಕ್ಕೆ ಅವರು ಸಂಸ್ಕೃತಿಯೆಂಬ ದೊಡ್ಡ ಹೆಸರನ್ನು ಇಟ್ಟರು, ಅಷ್ಟೆ. ಈ ನಡುವೆ ಹುಡುಗರ ಜೇಬಿಗೆ ಫೋನು ಬಂದಿದೆ. ಶಾಲೆ ಬಾಯಿ ಮುಚ್ಚಿಕೊಂಡ ವಿಷಯವನ್ನು ಅದು ಹಗಲಿರುಳೂ ಕಲಿಸುತ್ತಿದೆ. ಅದು ಕಲಿಸುವುದು ಬೀದಿಯ ಕನ್ನಡದ ಚಿತ್ರರೂಪವನ್ನು.

ಕೊನೆಯದಾಗಿ ನಮ್ಮ ಗಡಿಯ ಮಾತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗವು ಆದವಾನಿ, ಆಲೂರುಗಳ ಜೊತೆಗೆ ಆಂಧ್ರಕ್ಕೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನೊಳಂಬರು ಆಳಿದ ಹೇಮಾವತಿಯ ಶಾಸನಗಳು ಕನ್ನಡದಲ್ಲಿವೆಯೆಂದು ಹೆಮ್ಮೆಪಡುವ ನಾವು, ಅದೇ ನೆಲದ ಹುಡುಗಿಯರ ವಿಚಾರವಾಗಿ ಹೆಮ್ಮೆಪಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರಪ್ರದೇಶದಲ್ಲಿ 20ರಿಂದ 24 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 29 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕರ್ನಾಟಕದಲ್ಲಿ ಅದು ನೂರಕ್ಕೆ 21. ಬಾಲ್ಯವಿವಾಹವನ್ನು ತಡೆಯುವ ಕಾಯಿದೆ 2006ರದು. ಬಳ್ಳಾರಿ, ರಾಯದುರ್ಗಗಳ ಸೀಮೆಯಲ್ಲಿ ಒಂದು ಕಾಲದಲ್ಲಿ ಹೆಣ್ಣುಮಕ್ಕಳನ್ನು ಬಸವಿ ಬಿಡುತ್ತಿದ್ದುದನ್ನೂ, ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ, ಆಂಧ್ರ 1988ರಲ್ಲಿ ಕಾಯಿದೆ ಮಾಡಬೇಕಾಗಿ ಬಂದುದನ್ನೂ ಮರೆಯುವಂತಿಲ್ಲ. ಮೈಯ ವಿಚಾರ ನಮ್ಮ ನೆಲದಲ್ಲಿ ಎಂದೂ ಮುಚ್ಚಿದ ವಿಚಾರವಾಗಿರಲಿಲ್ಲ. ಅದು ಹೆಣ್ಣುಮಕ್ಕಳಿಗೆ ಮಾತ್ರ ಮುಚ್ಚಿತ್ತು.

ಇಲ್ಲಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ಅಡ್ಡಿಯೂ ಉಂಟು. ಮಗಳು ದೊಡ್ಡವಳಾದಳೆಂದು ಅವಳ ಮನೆಯಲ್ಲಿ ಹೇಳಿದರೆ ಪಕ್ಕದ ಮನೆಯ ತೆಲುಗರು ‘ಪೆದ್ದಮನಿಷಿ’ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ದಾದಿ ತೆಲುಗಿನಲ್ಲಿ ವಿಚಾರಿಸುತ್ತಾಳೆ, ಗೋಡೆಯ ಮೇಲಿನ ಚಿತ್ರಪಟದ ಬರಹವೂ ತೆಲುಗಿನದು. ಎರಡು ಭಾಷೆ ಬಲ್ಲವರಿಗೆ ಎರಡು ಪಾಲು ತಿಳಿಯಬೇಕಿತ್ತು. ಆಗುತ್ತಿರುವುದು ಎರಡು ಭಾಷೆಗಳಲ್ಲಿಯೂ ಸುಮ್ಮನಿರುವುದನ್ನು ಕಲಿಯುವುದು. ಆದ್ದರಿಂದ ನಮ್ಮ ಕನ್ನಡ ಉಪಾಧ್ಯಾಯರಲ್ಲಿ ಒಂದು ಪ್ರಾರ್ಥನೆ. ಜೀವಶಾಸ್ತ್ರದ ಆ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಬಿಡುವ ವಿಜ್ಞಾನದ ಸಹೋದ್ಯೋಗಿಯ ಪಕ್ಕದಲ್ಲಿ ಒಂದು ಗಂಟೆ ಕುಳಿತು, ‘ಋತುಸ್ರಾವ’ವೆಂಬಲ್ಲಿ ‘ಮುಟ್ಟು’ ಎಂದೂ, ‘ಗರ್ಭಧಾರಣೆ’ಯೆಂಬಲ್ಲಿ ‘ಬಸಿರು ನಿಲ್ಲುವುದು’ ಎಂದೂ, ಇವು ಮರ್ಯಾದೆಯ ಮಾತುಗಳೇ ಎಂದೂ ಹೇಳಿ, ಗಂಡುಹುಡುಗರನ್ನು ಹೊರಗೆ ಕಳುಹಿಸದೆ ಪಾಠ ಮಾಡಿಸಿ ನೋಡಬಹುದು. ಮೈಯ ಭಾಗಗಳಿಗೆ ಬೈಗುಳವಲ್ಲದ, ಕಬ್ಬಿಣದ ಕಡಲೆಯೂ ಅಲ್ಲದ ಹೆಸರುಗಳನ್ನು ರಾಯದುರ್ಗದ ಮಾತಿನಲ್ಲಿ, ಮಡಕಶಿರಾದ ಮಾತಿನಲ್ಲಿ ಹುಡುಕಿ, ಪಕ್ಕದಲ್ಲಿ ತೆಲುಗಿನ ಮಾತನ್ನೂ ಬರೆದು ಕಳುಹಿಸಿದರೆ ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ. ‘ಒಪ್ಪಿಗೆ’ ಎಂಬುದಕ್ಕೆ ಮಕ್ಕಳಿಗೆ ತಿಳಿಯುವ ಮಾತು ಯಾವುದೆಂಬುದನ್ನೂ ಬರೆಯಿರಿ. ನಮಗೆ ಸದ್ಯಕ್ಕೆ ಹೊಳೆದಿರುವುದು ‘ಮನಸ್ಸಿದೆಯೇ ಎಂದು ಕೇಳುವುದು’ ಎಂಬಷ್ಟೇ.